ಮರೆವೋ, ನಿದ್ದೆಗೇಡೋ? ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ನೋಡಬೇಕಾದದ್ದು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ಮರೆವು ಶುರುವಾಯಿತು. ನನಗೆ ಮತ್ತು ಅಮ್ಮನಿಗೆ. ನನಗೆ 46 ವರ್ಷ, ಅಮ್ಮನಿಗೆ 71.

ನನ್ನದು ಹೀಗಿತ್ತು. ನೀರಿನ ಮೋಟಾರ್ ಹಾಕಿ ಒಳಗೆ ಬಂದರೆ ಮುಗಿಯಿತು, ಅದರ ನೆನಪೇ ಇಲ್ಲ. ಟ್ಯಾಂಕ್ ತುಂಬಿ ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮೇಲೆ ನೀರು ಸುರಿದು, ಅವರು ಕಾಂಪೌಂಡ್ ಆಚೆಯಿಂದ ಕೂಗಿದ ಮೇಲೇ ಓಡುತ್ತಿದ್ದೆ. ಆಫೀಸಿನಲ್ಲಿ ಎಂಟು ವರ್ಷದಿಂದ ಪಕ್ಕದಲ್ಲೇ ಕೂರುವವಳ ಹೆಸರು ನಾಲಿಗೆ ತುದಿಗೆ ಬಂದು ನಿಂತುಬಿಡುತ್ತಿತ್ತು. ರೂಮಿಗೆ ಹೋಗಿ "ನಾನ್ಯಾಕೆ ಇಲ್ಲಿ ಬಂದೆ?" ಅಂತ ನಿಲ್ಲುವುದಂತೂ ದಿನಾ ಇದ್ದದ್ದೇ. ಭಯವಾಯಿತು. ರಾತ್ರಿ ಎರಡು ಗಂಟೆಗೆ ಮೊಬೈಲ್ ಹಿಡಿದು "46ನೇ ವಯಸ್ಸಿಗೆ ಆಲ್ಝೈಮರ್ ಬರುತ್ತಾ" ಅಂತ ಹುಡುಕುತ್ತಿದ್ದೆ. ರಾತ್ರಿ ಎರಡು ಗಂಟೆಗೆ ನಾನು ಯಾಕೆ ಎದ್ದಿದ್ದೇನೆ ಅನ್ನುವ ಪ್ರಶ್ನೆ ಮಾತ್ರ ತಲೆಗೆ ಬರಲೇ ಇಲ್ಲ.

ಅಮ್ಮನದು ಬೇರೆ. ಬೆಳಿಗ್ಗೆ "ಹಾಲಿನವನು ಬಂದನೇನೇ?" ಅಂತ ಕೇಳುತ್ತಿದ್ದಳು. ಬಂದ ಅಂತ ಹೇಳಿದರೆ "ಹೌದಾ" ಅಂದು ಒಳಗೆ ಹೋಗುತ್ತಿದ್ದಳು. ಹತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೇ ದನಿಯಲ್ಲಿ, ಮೊದಲ ಸಲ ಕೇಳುವವಳ ಹಾಗೆ. "ಮರೆವು ಜಾಸ್ತಿ ಆಗ್ತಿದೆ ಅಮ್ಮ, ಡಾಕ್ಟರಿಗೆ ತೋರಿಸೋಣ್ವಾ?" ಅಂದರೆ ಸಿಟ್ಟು. "ನನಗೇನಾಗಿದೆ? ನಿನಗೇ ತಲೆ ಸರಿ ಇಲ್ಲ, ಮೋಟಾರ್ ನೋಡು ಹೋಗು."

ನಾನು ನನ್ನ ಬಗ್ಗೆ ಹೆದರಿಕೊಂಡೆ. ಅಮ್ಮನದನ್ನು "ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಹೇಳಿ ತಳ್ಳಿಹಾಕಿದೆ. ಆಮೇಲೆ ತಿಳಿಯಿತು, ಎರಡೂ ಕಡೆ ನನ್ನ ಲೆಕ್ಕ ತಲೆಕೆಳಗಾಗಿತ್ತು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಕಾಯಿಲೆಗೆ ಹೆಸರಿಡಬೇಡಿ. ಡಾಕ್ಟರ ಎದುರು ಕೂತಾಗ ಏನು ಹೇಳಬೇಕು ಅನ್ನುವುದಕ್ಕೆ ಇದು ತಯಾರಿ, ಅಷ್ಟೆ.

ಎರಡೂ ಒಂದೇ ಥರ ಕಾಣುವುದು ಯಾಕೆ

ನೆನಪು ಅಂದರೆ ಮೂರು ಕೆಲಸ. ಒಳಗೆ ತೆಗೆದುಕೊಳ್ಳುವುದು, ಗಟ್ಟಿಮಾಡಿ ಇಡುವುದು, ಬೇಕಾದಾಗ ಹುಡುಕಿ ತೆಗೆಯುವುದು. ದಿನಸಿ ತರುವುದನ್ನೇ ನೋಡಿ. ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬಂದರೆ ಮನೆಯಲ್ಲಿ ಸಕ್ಕರೆ ಇರುವುದಿಲ್ಲ. ಸಕ್ಕರೆ ತಂದು ತೂತು ಡಬ್ಬಿಗೆ ಸುರಿದರೂ ಸಕ್ಕರೆ ಇರುವುದಿಲ್ಲ. ಕಾಫಿಗೆ ಕೂತವನಿಗೆ ಎರಡೂ ಒಂದೇ.

ನಿದ್ದೆಗೆಟ್ಟವರದು ಹೆಚ್ಚಾಗಿ ಮೊದಲನೆಯ ಥರ. ಗಮನ ಇರುವುದಿಲ್ಲ, ಹಾಗಾಗಿ ವಿಷಯ ಸರಿಯಾಗಿ ಒಳಗೆ ಹೋಗುವುದೇ ಇಲ್ಲ. ನಾನು ಮೋಟಾರ್ ಸ್ವಿಚ್ ಒತ್ತುವಾಗ ತಲೆ ಬೇರೆಲ್ಲೋ ಇತ್ತು. ಜೊತೆಗೆ, ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ಬಹುಮಟ್ಟಿಗೆ ನಿದ್ದೆಯಲ್ಲಿ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಜಾಸ್ತಿ, ಬೆಳಗಿನ ಜಾವದ ಕಡೆಗೆ ಕನಸಿನ ನಿದ್ದೆ ಜಾಸ್ತಿ. ನಿದ್ದೆ ತುಂಡಾದರೆ ಈ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ. ಆದರೆ ಡಬ್ಬಿಗೆ ತೂತಿಲ್ಲ. ನಿದ್ದೆ ಸರಿಹೋದರೆ ನೆನಪೂ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಲ್ಝೈಮರ್‌ನಂಥ ಮರೆವಿನ ಕಾಯಿಲೆಯಲ್ಲಿ ತೂತು ಬೀಳುವುದು ಡಬ್ಬಿಗೇ. ಹೊಸ ನೆನಪು ಕೂಡಿಡಲು ಬೇಕಾದ ಹಿಪ್ಪೋಕ್ಯಾಂಪಸ್ ಅನ್ನುವ ಮಿದುಳಿನ ಭಾಗಕ್ಕೆ ಶುರುವಿನಲ್ಲೇ ಪೆಟ್ಟು ಬೀಳುತ್ತದೆ. ಅದಕ್ಕೇ ನಲವತ್ತು ವರ್ಷದ ಹಿಂದಿನ ಮದುವೆಯ ಊಟ ನೆನಪಿರುತ್ತದೆ, ಇವತ್ತು ಬೆಳಗಿನ ತಿಂಡಿ ನೆನಪಿರುವುದಿಲ್ಲ.

ಇಬ್ಬರು ಅಮೆರಿಕದವರ ಕಥೆ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಇದು ಸರಿಯಾಗಿ ತಲೆಗೆ ಹೋಯಿತು. ಒಬ್ಬ ರ‍್ಯಾಂಡಿ ಗಾರ್ಡ್ನರ್. ಸ್ಯಾನ್ ಡಿಯಾಗೋದ 17 ವರ್ಷದ ಹುಡುಗ. ಶಾಲೆಯ ವಿಜ್ಞಾನ ಪ್ರಾಜೆಕ್ಟ್‌ಗೆ ಅಂತ 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿವರೆಗೆ 264 ಗಂಟೆ, ಅಂದರೆ 11 ದಿನ, ನಿದ್ದೆ ಮಾಡದೆ ಇದ್ದ. ಕೊನೆಯ ದಿನ ಅವನಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳಿದರು. 65ಕ್ಕೆ ಬಂದು ನಿಂತ. ಯಾಕೆ ನಿಲ್ಲಿಸಿದೆ ಅಂದರೆ, ಏನು ಮಾಡುತ್ತಿದ್ದೆ ಅನ್ನುವುದೇ ಮರೆತುಹೋಯಿತು ಅಂದ. ಆಮೇಲೆ 14 ಗಂಟೆಗೂ ಹೆಚ್ಚು ಮಲಗಿದ. ಎದ್ದ, ಚೇತರಿಸಿಕೊಂಡ.

ಇನ್ನೊಬ್ಬ ಹೆನ್ರಿ ಮೊಲೈಸನ್. ಫಿಟ್ಸ್ ನಿಲ್ಲಿಸಲು 1953ರಲ್ಲಿ ಅವನ ಮಿದುಳಿನ ಆಪರೇಷನ್ ಮಾಡಿ ಎರಡೂ ಬದಿಯ ಹಿಪ್ಪೋಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಅವನು ಚೆನ್ನಾಗಿ ಮಾತಾಡುತ್ತಿದ್ದ, ಬುದ್ಧಿ ಚುರುಕಾಗಿಯೇ ಇತ್ತು. ಹೇಳಿದ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದರೆ ಹಿಡಿದಿಟ್ಟುಕೊಳ್ಳುತ್ತಿದ್ದ. ಗಮನ ಆ ಕಡೆ ಈ ಕಡೆ ಹೋದರೆ ಮಾತ್ರ ಎಲ್ಲ ಮಾಯ. ರೂಮಿನಿಂದ ಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬಂದವರು ಅವನಿಗೆ ಹೊಸಬರು. 2008ರಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇದ್ದ. ಎಷ್ಟು ನಿದ್ದೆ ಮಾಡಿದರೂ ಅದು ಸರಿಯಾಗುವಂಥದ್ದಾಗಿರಲಿಲ್ಲ.

ನಾನು ರ‍್ಯಾಂಡಿಯ ಕಡೆಯವಳು. ಹೆನ್ರಿಯ ಕಡೆಯವಳು ಅಂದುಕೊಂಡು ಅಳುತ್ತಿದ್ದೆ.

ಮೊದಲು ನೋಡಬೇಕಾದ್ದು: ದೂರು ಹೇಳುವವರು ಯಾರು?

ಡಾಕ್ಟರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಯೇ ಇದು. "ಮರೆವು ಅಂತ ಹೇಳ್ತಿರೋದು ಅವರಾ, ನೀವಾ?"

ನಿದ್ದೆ ಕೆಟ್ಟವರು ತಮ್ಮ ಮರೆವಿನ ಪಟ್ಟಿಯನ್ನೇ ಒಪ್ಪಿಸುತ್ತಾರೆ. ಯಾವತ್ತು ಏನು ಮರೆತೆ, ಎಲ್ಲಿ ನಿಂತಿದ್ದೆ, ಯಾರು ನಕ್ಕರು, ಎಲ್ಲ ನೆನಪಿರುತ್ತದೆ. ಮರೆತದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ ಅಂದರೆ ನೆನಪಿನ ಯಂತ್ರ ಓಡುತ್ತಿದೆ ಅಂತ ಲೆಕ್ಕ ಅಲ್ವಾ? ಮರೆವಿನ ಕಾಯಿಲೆಯಲ್ಲಿ ಹೆಚ್ಚಾಗಿ ದೂರು ತರುವವರು ಮನೆಯವರು. ಮರೆವು ಇರುವವರನ್ನು ಕೇಳಿದರೆ ತಮಗೆ ಏನೂ ಆಗಿಲ್ಲ ಅನ್ನುತ್ತಾರೆ. ಪ್ರಶ್ನೆ ಕೇಳಿದರೆ ಪಕ್ಕದಲ್ಲಿ ಕೂತ ಮಗಳ ಕಡೆ, ಹೆಂಡತಿ ಕಡೆ ತಿರುಗಿ ನೋಡುತ್ತಾರೆ. ಅಮ್ಮ ಅವತ್ತು ಮೂರು ಸಲ ನನ್ನ ಕಡೆ ತಿರುಗಿದಳು. ನಾನು ಅದನ್ನು ನಾಚಿಕೆ ಅಂದುಕೊಂಡಿದ್ದೆ.

ಇದು ಕಲ್ಲಿನ ಮೇಲೆ ಕೆತ್ತಿದ ನಿಯಮ ಏನಲ್ಲ. ಕಾಯಿಲೆಯ ತೀರಾ ಶುರುವಿನಲ್ಲಿ ತಮಗೇ ಗೊತ್ತಾಗಿ ಹೆದರುವವರೂ ಇದ್ದಾರೆ. ಹಾಗಾಗಿ ಇದೊಂದನ್ನೇ ನಂಬಿ ಸುಮ್ನೆ ಕೂರಬೇಡಿ.

ಎರಡನೆಯದು: ಸುಳಿವು ಕೊಟ್ಟು ನೋಡಿ

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇದು. ಮರೆತ ವಿಷಯಕ್ಕೆ ಒಂದು ಸಣ್ಣ ಎಳೆ ಕೊಡಿ. ಏನಾಗುತ್ತದೆ ನೋಡಿ.

ಯಾರದೋ ಗೃಹಪ್ರವೇಶಕ್ಕೆ ಹೋಗಿ ಬಂದ ಮಾರನೇ ದಿನ ಮಾತಿಗೆ ಕೂತೆವು. ಊಟಕ್ಕೆ ಯಾವ ಸಿಹಿ ಹಾಕಿದ್ದರು ಅಂತ ನನಗೆ ನೆನಪಾಗಲಿಲ್ಲ. ತಂಗಿ "ಹಳದಿ ಬಣ್ಣ, ತುಪ್ಪ ಹಾಕಿದ್ರಲ್ಲ" ಅಂದಳು. "ಹಾಂ, ಹೋಳಿಗೆ! ಕಾಯಿ ಹೋಳಿಗೆ" ಅಂದೆ. ಅಂದರೆ ಡಬ್ಬಿಯಲ್ಲಿ ಇತ್ತು, ಕೈಗೆ ಸಿಕ್ಕಿರಲಿಲ್ಲ. ಅಮ್ಮನಿಗೆ ಅದೇ ಸುಳಿವು ಕೊಟ್ಟೆವು. ಹೋಳಿಗೆ ಅಂತಲೂ ಹೇಳಿದೆವು. ಅವಳು "ಯಾರ ಮನೆ?" ಅಂದಳು. ಹೋಳಿಗೆ ಇರಲಿ, ಹೋಗಿದ್ದೇ ಅವಳಲ್ಲಿ ಉಳಿದಿರಲಿಲ್ಲ.

ವಿವರ ಮರೆಯುವುದು ಎಲ್ಲರಿಗೂ ಇದ್ದದ್ದೇ. ನಡೆದ ಘಟನೆಯೇ ಅಳಿಸಿಹೋಗುವುದು, ಸುಳಿವು ಕೊಟ್ಟರೂ ವಾಪಸ್ ಬಾರದಿರುವುದು ಬೇರೆ. ಡಾಕ್ಟರುಗಳು ಇದನ್ನೇ ಮೂರು ಪದ ಹೇಳಿ, ನಡುವೆ ಗಡಿಯಾರದ ಚಿತ್ರ ಬರೆಸಿ, ಆಮೇಲೆ ಆ ಪದ ಕೇಳಿ ಪರೀಕ್ಷಿಸುತ್ತಾರೆ. ನೀವು ಮನೆಯಲ್ಲಿ ಪರೀಕ್ಷೆ ಅಂತ ಕೂರಿಸಬೇಡಿ. "ಹೇಳು, ಇವತ್ತು ಯಾವ ವಾರ?" ಅಂತ ಮೇಷ್ಟ್ರ ಥರ ಕೇಳಿದರೆ ಹಿರಿಯರ ಮನಸ್ಸು ನೋಯುತ್ತದೆ, ಉತ್ತರವೂ ಕೆಡುತ್ತದೆ. ಮಾತಿನ ನಡುವೆ ತೆಗೆಯಿರಿ. ಕಿವಿ ಮಂದವಿದ್ದರೆ ಇದು ಲೆಕ್ಕಕ್ಕಿಲ್ಲ. ಕೇಳಿಸಿರದಿದ್ದದ್ದನ್ನು ಮರೆತರು ಅನ್ನುವುದು ಹೇಗೆ?

ನೆನಪಿನ ಜೊತೆಗೆ ಕೈಕೆಲಸವನ್ನೂ ಗಮನಿಸಿ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಮಾಮೂಲಿ. ಕನ್ನಡಕ ಫ್ರಿಜ್‌ನಲ್ಲಿ ಸಿಕ್ಕಿ, ಅದು ಅಲ್ಲಿರುವುದು ವಿಚಿತ್ರ ಅಂತ ಅವರಿಗೆ ಅನಿಸದಿದ್ದರೆ ಮಾಮೂಲಿ ಅಲ್ಲ. ದಿನಾ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪುವುದು, ಚಿಲ್ಲರೆ ಲೆಕ್ಕ ಸಿಗದೆ ಅಂಗಡಿಯವನ ಮುಂದೆ ಪರ್ಸ್ ತೆರೆದು ಹಿಡಿಯುವುದು, ಮಾತಿನ ನಡುವೆ ಸೌಟು, ಬೀಗ ಇಂಥ ಪದಗಳೇ ಸಿಗದೆ "ಅದು, ಅದು" ಅನ್ನುವುದು, ಇವೆಲ್ಲ ಬರೆದಿಟ್ಟುಕೊಳ್ಳಬೇಕಾದವು.

ನಮ್ಮ ಮನೆಯಲ್ಲಿ ನನಗೆ ಎದೆ ಝಲ್ ಅಂದದ್ದು ಹುಳಿ ಮಾಡುವಾಗ. ಬೇಳೆ ಬೆಂದಿತ್ತು, ತರಕಾರಿ ಬೆಂದಿತ್ತು, ರುಬ್ಬಿದ್ದು ಮಿಕ್ಸಿ ಜಾರ್‌ನಲ್ಲಿತ್ತು. ಅಮ್ಮ ನೆನೆಸಿದ ಹುಣಸೆಹಣ್ಣನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ರಸ ಬೆರಳ ಸಂದಿನಿಂದ ಸ್ಲ್ಯಾಬ್ ಮೇಲೆ ತೊಟ್ಟಿಕ್ಕುತ್ತಿತ್ತು. ಐವತ್ತು ವರ್ಷದಿಂದ ಕಣ್ಣುಮುಚ್ಚಿ ಮಾಡಿದ ಹುಳಿ. ಮುಂದೇನು ಅಂತ ಅವಳಿಗೆ ಹೊಳೆಯಲಿಲ್ಲ. ನನ್ನನ್ನು ನೋಡಿ "ನೀನೇ ಮುಗಿಸು, ಕಾಲು ನೋಯ್ತಿದೆ" ಅಂದಳು.

ಮೂರನೆಯದು: ಎರಡು ವಾರದ ನೋಟ್‌ಬುಕ್

ಅರ್ಜೆಂಟ್ ಏನೂ ಇಲ್ಲದಿದ್ದರೆ ಎರಡು ವಾರ ಬರೆಯಿರಿ. ಯಾವುದು ಅರ್ಜೆಂಟ್ ಅಂತ ಮುಂದೆ ಹೇಳಿದ್ದೇನೆ. ಮೊಬೈಲ್ ಆ್ಯಪ್ ಬೇಡ, ಕೈಗಡಿಯಾರ ತೋರಿಸುವ ನಿದ್ದೆಯ ಅಂಕಿಯೂ ಬೇಡ. ನೂರು ಪುಟದ ನೋಟ್‌ಬುಕ್ ಸಾಕು. ಬೆಳಿಗ್ಗೆ ಕಾಫಿ ಕುಡಿಯುವಾಗ ಅಂದಾಜಿನಲ್ಲಿ ಬರೆಯಿರಿ. ರಾತ್ರಿ ಗಡಿಯಾರ ನೋಡುತ್ತಾ ಬರೆಯಲು ಹೋದರೆ ಬರುವ ನಿದ್ದೆಯೂ ಓಡಿಹೋಗುತ್ತದೆ.

ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವೆ ಎಷ್ಟು ಸಲ ಎಚ್ಚರ, ಎದ್ದದ್ದು ಎಷ್ಟಕ್ಕೆ, ಹಗಲು ಮಲಗಿದ್ದು, ಕಾಫಿ ಟೀ ಎಷ್ಟು ಮತ್ತು ಯಾವಾಗ, ಯಾವ ಮಾತ್ರೆ, ಆ ದಿನ ಮರೆತದ್ದೇನು. ನನ್ನ ಒಂದು ದಿನದ ಬರಹ ಹೀಗಿತ್ತು: "10:30ಕ್ಕೆ ಮಲಗಿದೆ. 12:30 ಆಗಿರಬೇಕು ನಿದ್ದೆ ಬಂದಾಗ. 3ಕ್ಕೆ ಎಚ್ಚರ, ಅರ್ಧ ಗಂಟೆ ಮಗ್ಗುಲು ಬದಲಿಸಿದೆ. 6ಕ್ಕೆ ಎದ್ದೆ. ಕಾಫಿ ನಾಲ್ಕು, ಕೊನೆಯದು ಸಂಜೆ 6ಕ್ಕೆ. ಮೋಟಾರ್ ಮರೆತೆ. ಮಗನ ಫೀಸ್ ಕಟ್ಟುವುದು ಮರೆತೆ, ಸಂಜೆ ತಾನಾಗೇ ನೆನಪಾಯಿತು."

ಲೆಕ್ಕ ಹಾಕಿ. ಹಾಸಿಗೆಯಲ್ಲಿ ಇದ್ದದ್ದು ಏಳೂವರೆ ಗಂಟೆ, ನಿದ್ದೆ ಮಾಡಿದ್ದು ಐದು ಗಂಟೆ. ನೂರಕ್ಕೆ 67. ಇದು 85 ದಾಟಿದರೆ ಚೆನ್ನಾಗಿ ನಿದ್ದೆ ಬರುತ್ತಿದೆ ಅನ್ನುತ್ತಾರೆ. ಮಲಗಲು ಸಮಯ ಇದ್ದೂ, ವಾರಕ್ಕೆ ಮೂರು ರಾತ್ರಿಯಾದರೂ ಹೀಗೇ ಆಗಿ, ಮೂರು ತಿಂಗಳು ಎಳೆದು, ಹಗಲಿನ ಕೆಲಸಕ್ಕೂ ತೊಂದರೆಯಾದರೆ ಅದನ್ನು ಹಳೆಯ ನಿದ್ರಾಹೀನತೆ ಅಂತ ಡಾಕ್ಟರು ಕರೆಯುತ್ತಾರೆ. ಸಮಯವೇ ಇಲ್ಲದೆ ಐದು ಗಂಟೆ ಮಲಗುವುದು ಬೇರೆ. ರಾತ್ರಿ ಒಂದರವರೆಗೆ ಮೊಬೈಲ್ ನೋಡಿ, ಆರಕ್ಕೆ ಏಳುವವರಿಗೆ ಬೇಕಿರುವುದು ಔಷಧಿ ಅಲ್ಲ, ಹಾಸಿಗೆ.

ಈಗ ನೋಟ್‌ಬುಕ್‌ನ ಎರಡು ಸಾಲನ್ನು ಒಟ್ಟಿಗೆ ನೋಡಿ. ಕೆಟ್ಟ ರಾತ್ರಿಯ ಮಾರನೇ ದಿನ ಮರೆವು ಜಾಸ್ತಿ, ಒಳ್ಳೆಯ ರಾತ್ರಿಯ ಮಾರನೇ ದಿನ ಕಡಿಮೆ ಅಂತಿದ್ದರೆ, ಗುಮಾನಿ ನಿದ್ದೆಯ ಮೇಲೆ. ನನ್ನದು ಹಾಗೇ ಇತ್ತು. ತಂಗಿ ಮನೆಯಲ್ಲಿ ಎರಡು ರಾತ್ರಿ ಚೆನ್ನಾಗಿ ಮಲಗಿದ ಮಾರನೇ ದಿನದ ಕಾಲಂ ಖಾಲಿ. ಅಮ್ಮನ ಕಾಲಂ ನಿದ್ದೆ ಬಂದ ದಿನವೂ ತುಂಬಿತ್ತು, ಬಾರದ ದಿನವೂ ತುಂಬಿತ್ತು.

ಇನ್ನೊಂದು ಮಾತು. ಹದಿನೇಳು ಗಂಟೆ ಎಚ್ಚರವಿದ್ದವರ ಗಮನ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿ 0.03. ಮೋಟಾರ್ ಮರೆತದ್ದೇ ಕಾಯಿಲೆ ಅಂದುಕೊಂಡಿದ್ದ ನಾನು, ಅದೇ ಮಂಪರಿನಲ್ಲಿ ದಿನಾ ಸ್ಕೂಟರ್ ಓಡಿಸುತ್ತಿದ್ದೆ.

ನಾಲ್ಕನೆಯದು: ಮಾತ್ರೆ ಡಬ್ಬಿ ಸುರಿಯಿರಿ

ಇದನ್ನು ಯಾರೂ ಮಾಡುವುದಿಲ್ಲ. ಎಲ್ಲರೂ ಮಾಡಬೇಕು. ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಹಳೆಯ ಚೀಟಿ ಮೇಜಿನ ಮೇಲೆ ಸುರಿಯಿರಿ. ಅಮ್ಮನ ತಲೆದಿಂಬಿನ ಕೆಳಗಿನ ಬಿಸ್ಕತ್ತಿನ ಡಬ್ಬಿಯಲ್ಲಿ ನನಗೆ ಸಿಕ್ಕಿದ್ದು ಅಲ್ಪ್ರಾಜೋಲಾಮ್ ಅನ್ನುವ ನಿದ್ದೆ ಮಾತ್ರೆ. ಅಪ್ಪ ಹೋದಾಗ ಹದಿನೈದು ದಿನಕ್ಕೆ ಅಂತ ಬರೆದುಕೊಟ್ಟಿದ್ದು. ಆರು ವರ್ಷವಾಗಿತ್ತು. ಪರಿಚಯದ ಮೆಡಿಕಲ್ ಶಾಪಿನವರು ಹಳೆಯ ಚೀಟಿಯ ಮೇಲೇ ಕೊಡುತ್ತಾ ಬಂದಿದ್ದರು. ಅವಳು "ನನಗೆ ನಿದ್ದೆ ಚೆನ್ನಾಗಿ ಬರುತ್ತೆ" ಅನ್ನುತ್ತಿದ್ದುದರ ಗುಟ್ಟು ಅದು.

ಈ ಜಾತಿಯ ನಿದ್ದೆ ಮಾತ್ರೆಗಳು ಹೊಸ ನೆನಪು ಕೂರುವುದಕ್ಕೇ ಅಡ್ಡ ಬರುತ್ತವೆ. ವಯಸ್ಸಾದವರಲ್ಲಿ ಬೀಳುವ ಅಪಾಯವನ್ನೂ ಹೆಚ್ಚಿಸುತ್ತವೆ. ನೆಗಡಿ ಮಾತ್ರೆ, ಕೆಮ್ಮಿನ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್, ಮೂತ್ರ ಹಿಡಿದಿಡಲು ಕೊಡುವ ಕೆಲವು ಮಾತ್ರೆಗಳೂ ಹಿರಿಯರಲ್ಲಿ ಮಂಕು ತರಬಹುದು. ಸಕ್ಕರೆ ಕಾಯಿಲೆಗೆ ತಿನ್ನುವ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆ ಅಂತ ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್ ಬಿ12 ಕಡಿಮೆ ಮಾಡಬಹುದು. ಬಿ12 ಕಡಿಮೆಯಾದರೆ ಮರೆವು, ಕಾಲು ಜೋಮು, ಸುಸ್ತು. ಮಾಂಸ, ಮೊಟ್ಟೆ, ಮೀನು ತಿನ್ನದವರಿಗೆ ಈ ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು.

ಒಂದು ಎಚ್ಚರಿಕೆ. ನಿದ್ದೆ ಮಾತ್ರೆ ಸಿಕ್ಕಿತು ಅಂತ ಅವತ್ತೇ ಕಸದ ಬುಟ್ಟಿಗೆ ಹಾಕಬೇಡಿ. ಬಹಳ ದಿನ ತಿಂದದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಡಾಕ್ಟರು ವಾರಗಟ್ಟಲೆ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಐದನೆಯದು: ಗೊರಕೆ, ಮನಸ್ಸು

ಜೋರಾಗಿ ಗೊರಕೆ, ನಡುವೆ ಉಸಿರು ನಿಂತ ಹಾಗಾಗಿ ಬೆಚ್ಚಿ ಏದುಸಿರು, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಇದು ಸ್ಲೀಪ್ ಆಪ್ನಿಯಾ ಇರಬಹುದು. ಮಲಗಿದವರಿಗೆ ಎಂಟು ಗಂಟೆ ಮಲಗಿದೆ ಅನಿಸುತ್ತದೆ, ಮಿದುಳು ಮಲಗಿರುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಅರ್ಧ ಗಂಟೆ ಧ್ವನಿ ಹಿಡಿದುಕೊಂಡು ಡಾಕ್ಟರಿಗೆ ಕೇಳಿಸಿ.

ಬೆಳಗಿನ ಜಾವ ಮೂರು, ನಾಲ್ಕಕ್ಕೇ ಎಚ್ಚರ, ಯಾವುದರಲ್ಲೂ ಆಸೆ ಇಲ್ಲ, ಊಟ ಸೇರದು, ಏನು ಕೇಳಿದರೂ "ಏನೋಪ್ಪ, ಗೊತ್ತಿಲ್ಲ" ಅನ್ನುವ ಉತ್ತರ. ಇದು ಖಿನ್ನತೆ ಇರಬಹುದು. ಹಿರಿಯರಲ್ಲಿ ಇದು ಕೆಲವು ಸಲ ಮರೆವಿನ ಕಾಯಿಲೆಯ ವೇಷದಲ್ಲೇ ಬರುತ್ತದೆ, ಚಿಕಿತ್ಸೆಗೂ ಬಗ್ಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತಾರೆ. ಚಿಂತೆ ಇದ್ದವನಿಗೆ ಏನು ಅಂತ ಗಾದೆ ಹೇಳುವುದಿಲ್ಲ.

ನೋಟ್‌ಬುಕ್ ಬರೆಯುತ್ತಾ ಕೂರಬಾರದ್ದು ಯಾವಾಗ

ಒಂದೇ ದಿನದಲ್ಲಿ, ಒಂದೇ ಗಂಟೆಯಲ್ಲಿ ಶುರುವಾದ ಗೊಂದಲ. ಬಾಯಿ ಸೊಟ್ಟ, ಕೈ ಸೋತಿದೆ, ಮಾತು ತೊದಲುತ್ತಿದೆ ಅಂದರೆ ಪಾರ್ಶ್ವವಾಯು. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ತಲುಪಿ ಪರೀಕ್ಷೆ ಮುಗಿದಿರಬೇಕು. ಜ್ವರದ ಜೊತೆ, ಇಲ್ಲವೇ ಮೂತ್ರದ ಸೋಂಕಿನ ಜೊತೆ ಒಂದೆರಡು ದಿನದಲ್ಲಿ ಮಂಕಾಗಿ, ಇಲ್ಲದವರನ್ನು ಕಂಡ ಹಾಗೆ ಮಾತಾಡಿದರೆ ಅವತ್ತೇ ಕರೆದುಕೊಂಡು ಹೋಗಿ. ಬಾತ್‌ರೂಮಿನಲ್ಲಿ ಜಾರಿ ತಲೆಗೆ ಪೆಟ್ಟಾಗಿ, ವಾರಗಳ ಮೇಲೆ ಮರೆವು, ನಿದ್ದೆಗಣ್ಣು, ತಲೆನೋವು ಶುರುವಾದರೂ ತಡಮಾಡಬೇಡಿ. ಮಿದುಳಿನ ಸುತ್ತ ರಕ್ತ ನಿಧಾನಕ್ಕೆ ಕೂಡಿಕೊಂಡಿರಬಹುದು. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಈ ಅಪಾಯ ಜಾಸ್ತಿ. ಬಿ.ಪಿ. ಮಾತ್ರೆ ತಿನ್ನುವ ಹಿರಿಯರು ಇದ್ದಕ್ಕಿದ್ದಂತೆ ಮಂಕಾದರೆ ಸೋಡಿಯಂ ಇಳಿದಿರಬಹುದು, ಇದನ್ನೂ ಬೇಗ ನೋಡಿಸಬೇಕು.

ಡಾಕ್ಟರ ಹತ್ತಿರ

ಮೊದಲು ನಿಮ್ಮ ಮಾಮೂಲಿ ಡಾಕ್ಟರು ಸಾಕು. ನೋಟ್‌ಬುಕ್, ಮಾತ್ರೆಗಳ ಚೀಲ, ಕನ್ನಡಕ, ಕಿವಿಯ ಯಂತ್ರ ಇದ್ದರೆ ಅದು, ಜೊತೆಗೆ ಒಂದೇ ಮನೆಯಲ್ಲಿರುವ ಒಬ್ಬರು. ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಮಗನಿಗಿಂತ ದಿನಾ ನೋಡುವ ಸೊಸೆ ಹೇಳುವುದು ಜಾಸ್ತಿ ಉಪಯೋಗ. ಹಿರಿಯರ ಎದುರಿಗೇ ದೂರು ಹೇಳಲು ಮುಜುಗರವಾದರೆ ಒಂದು ಚೀಟಿ ಬರೆದು ಮೊದಲೇ ಒಳಗೆ ಕಳಿಸಿ. ನಾನು ಹಾಗೇ ಮಾಡಿದೆ.

ರಕ್ತದಲ್ಲಿ ಸಾಮಾನ್ಯವಾಗಿ ಹಿಮೋಗ್ಲೋಬಿನ್, ಸಕ್ಕರೆ, ಬಿ12, ಥೈರಾಯ್ಡ್, ಸೋಡಿಯಂ, ಕಿಡ್ನಿ, ಲಿವರ್ ನೋಡುತ್ತಾರೆ. ಸ್ಕ್ಯಾನ್ ಬೇಕಾ ಅಂತ ಅವರೇ ಹೇಳುತ್ತಾರೆ. ನೀವಾಗಿಯೇ ಎಂಆರ್‌ಐ ಮಾಡಿಸಿಕೊಂಡು ಫಿಲ್ಮ್ ಹಿಡಿದು ಓಡಾಡಬೇಡಿ. ನಿದ್ರಾಹೀನತೆ ಎಂಆರ್‌ಐನಲ್ಲಿ ಕಾಣುವುದಿಲ್ಲ. ಮುಂದಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮರೆವು, ನಿದ್ದೆ ಎರಡನ್ನೂ ನೋಡುವವರಿದ್ದಾರೆ. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲೂ ಬ್ರೈನ್ ಹೆಲ್ತ್ ಕ್ಲಿನಿಕ್ ಶುರುಮಾಡಿದೆ. ಅಷ್ಟು ದೂರ ಹೋಗುವ ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ನಿದ್ದೆಯದೇ ತೊಂದರೆ ಅಂತಾದರೆ

ಹಳೆಯ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಅನ್ನುವ ಅಲ್ಲಿನ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಮಲಗುವ ರೂಢಿ, ಯೋಚನೆ ಎರಡನ್ನೂ ತಿದ್ದುವ ಚಿಕಿತ್ಸೆ ಮೊದಲು. ಅದರಲ್ಲಿ ನನಗೆ ಕೆಲಸ ಮಾಡಿದ್ದು ಇಷ್ಟು.

ಏಳುವ ಹೊತ್ತು ಒಂದೇ. ರಾತ್ರಿ ನಿದ್ದೆ ಬರಲಿ ಬಿಡಲಿ, ಭಾನುವಾರವೇ ಇರಲಿ, 5:30ಕ್ಕೆ ಏಳು. ಏಳುವುದು ನಮ್ಮ ಕೈಯಲ್ಲಿದೆ, ನಿದ್ದೆ ಹತ್ತುವುದು ನಮ್ಮ ಕೈಯಲ್ಲಿಲ್ಲ. ನೋಟ್‌ಬುಕ್ ಪ್ರಕಾರ ನಾನು ಸರಾಸರಿ ಐದೂವರೆ ಗಂಟೆ ಮಲಗುತ್ತಿದ್ದೆ. ಹಾಗಾಗಿ ಹಾಸಿಗೆಗೆ ಹೋಗುವುದೇ ರಾತ್ರಿ 12ಕ್ಕೆ. ಬೇಗ ಮಲಗಿದರೆ ಬೇಗ ನಿದ್ದೆ ಬರುತ್ತದೆ ಅಂತ ನಾನು ಒಂಬತ್ತೂವರೆಗೆಲ್ಲ ಹಾಸಿಗೆ ಸೇರಿದ್ದೂ ಉಂಟು, ಅದೇ ನನ್ನ ದೊಡ್ಡ ತಪ್ಪು. ಮೊದಲ ವಾರ ನರಕ. ಸಂಜೆ ಎಂಟಕ್ಕೆ ಸೋಫಾದ ಮೇಲೆ ಕುತ್ತಿಗೆ ಜೋತುಬೀಳುತ್ತಿತ್ತು, ಮಗ ಬಂದು ಅಲುಗಾಡಿಸುತ್ತಿದ್ದ. ಎರಡನೇ ವಾರ ಹಾಸಿಗೆಗೆ ತಲೆ ಇಟ್ಟರೆ ನಿದ್ದೆ. ನೂರಕ್ಕೆ 85 ದಾಟಿದ ಮೇಲೆ ಮಲಗುವ ಹೊತ್ತನ್ನು ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ತಂದೆ. ಹಾಸಿಗೆಯಲ್ಲಿರುವ ಹೊತ್ತನ್ನು ಐದು ಗಂಟೆಗಿಂತ ಕಡಿಮೆ ಮಾಡಬಾರದು. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ಲಾರಿ, ಬಸ್ಸು ಓಡಿಸುವವರು, ಯಂತ್ರದ ಮುಂದೆ ಕೆಲಸ ಮಾಡುವವರು, ಬೀಳುವ ಭಯ ಇರುವ ಹಿರಿಯರು ಇದನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ.

ಇಪ್ಪತ್ತು ನಿಮಿಷ ಆದ ಹಾಗನಿಸಿದರೂ ನಿದ್ದೆ ಹತ್ತದಿದ್ದರೆ ಎದ್ದು ಹಾಲ್‌ಗೆ ಹೋಗಿ. ಸಣ್ಣ ದೀಪದಲ್ಲಿ ಬೇಜಾರಾಗುವಂಥದ್ದೇನಾದರೂ ಮಾಡಿ. ನಾನು ಅವರೆಕಾಳು ಸುಲಿಯುತ್ತಿದ್ದೆ. ಕಣ್ಣು ಎಳೆದಾಗ ವಾಪಸ್ ಹೋಗಿ. ಹಾಸಿಗೆ ಕಂಡರೆ ಒದ್ದಾಟ ನೆನಪಾಗಬಾರದು, ನಿದ್ದೆ ನೆನಪಾಗಬೇಕು. ಗೋಡೆ ಗಡಿಯಾರ ತಿರುಗಿಸಿ ಇಡಿ.

ಕಾಫಿ ವಿಷಯ ಹೇಳಲು ನನಗೂ ಸಂಕಟ. ಕುಡಿದ ಕೆಫೀನ್‌ನಲ್ಲಿ ಅರ್ಧ ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೆ ಅರ್ಧ ಲೋಟವಾಗಿ ಒಳಗೇ ಇರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಿಟ್ಟೆ. ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಅನ್ನುವವರಿಗೆ: ಬರುತ್ತದೆ, ನಡುರಾತ್ರಿ ಬಿಟ್ಟೂ ಹೋಗುತ್ತದೆ.

ಆರು ವಾರ ಹಿಡಿಯಿತು. ಮೋಟಾರ್ ಈಗ ನೆನಪಿರುತ್ತದೆ. ಹೆಸರುಗಳು ಒಮ್ಮೊಮ್ಮೆ ಸಿಗುವುದಿಲ್ಲ, ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ನಿದ್ದೆ ಎರಡು ತಿಂಗಳು ಸರಿ ಇದ್ದೂ ಮರೆವು ಕಡಿಮೆಯಾಗದಿದ್ದರೆ ಮಾತ್ರ ಮತ್ತೆ ತೋರಿಸಬೇಕು.

ಅಮ್ಮನ ವಿಷಯ

ಎರಡೂ ಒಬ್ಬರಲ್ಲೇ ಇರಬಹುದು ಅನ್ನುವುದು ನನಗೆ ಗೊತ್ತಿರಲಿಲ್ಲ. ಮರೆವಿನ ಕಾಯಿಲೆ ನಿದ್ದೆಯನ್ನೂ ಕೆಡಿಸುತ್ತದೆ. ಸಂಜೆಯಾಗುತ್ತಲೇ ಚಡಪಡಿಕೆ, ಹಗಲು ತೂಕಡಿಕೆ, ರಾತ್ರಿ ಮನೆಯೆಲ್ಲ ಓಡಾಟ. ಕನಸಿನಲ್ಲಿ ಕಂಡದ್ದಕ್ಕೆ ನಿದ್ದೆಯಲ್ಲೇ ಕೈಕಾಲು ಬೀಸುವುದು, ಕೂಗುವುದು ಇದ್ದರೆ ಅದನ್ನು ತಪ್ಪದೆ ನರರೋಗ ತಜ್ಞರಿಗೆ ಹೇಳಿ, ಪಾರ್ಕಿನ್ಸನ್ ಕಡೆಯ ಕಾಯಿಲೆಗಳಲ್ಲಿ ಇದು ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದು. ಇಂಥ ಹಿರಿಯರಿಗೆ ಬೆಳಿಗ್ಗೆ ಒಂದಿಷ್ಟು ಬಿಸಿಲು, ಹಗಲು ಕೈಗೊಂದು ಕೆಲಸ, ರಾತ್ರಿ ಬಾತ್‌ರೂಮಿನ ದಾರಿಗೆ ಸಣ್ಣ ದೀಪ. ಮುಂಬಾಗಿಲಿನ ಚಿಲಕ ಭದ್ರವಾಗಿರಲಿ. "ಈಗ ತಾನೇ ಹೇಳಿದೆನಲ್ಲ" ಅನ್ನುವ ಮಾತನ್ನು ನಾನು ಬಿಡಲು ತಿಂಗಳುಗಟ್ಟಲೆ ಬೇಕಾಯಿತು.

ಅಮ್ಮನ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರುಮಾಡಿದರು. ನಿದ್ದೆ ಮಾತ್ರೆಯನ್ನು ನಾಲ್ಕು ತಿಂಗಳಲ್ಲಿ ಕಾಲು ಕಾಲು ಇಳಿಸಿ ನಿಲ್ಲಿಸಿದರು. ಮುಖದ ಮಂಕು ಹೋಯಿತು. ಹುಳಿ ಮತ್ತೆ ಅವಳೇ ಮಾಡುತ್ತಾಳೆ, ಕೆಲವು ದಿನ ಎರಡು ಸಲ ಉಪ್ಪು ಬೀಳುತ್ತದೆ. ಪೂರ್ತಿ ಸರಿಹೋಗಿಲ್ಲ. ಡಬ್ಬಿಯಲ್ಲಿ ಸಣ್ಣ ತೂತು ಇದೆಯೋ ಇಲ್ಲವೋ ಅಂತ ಈಗಲೇ ಹೇಳಲು ಬರುವುದಿಲ್ಲ, ಆರು ತಿಂಗಳಿಗೊಮ್ಮೆ ನೋಡೋಣ ಅಂದಿದ್ದಾರೆ.

ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರ್‌ಗೆ ಒಂದು ಪೆನ್ಸಿಲ್ ದಾರ ಕಟ್ಟಿ ನೇತುಹಾಕಿದ್ದೇನೆ. ಹಾಲು ಬಂದಾಗ ಅಮ್ಮನೇ ಆ ದಿನದ ಚೌಕದಲ್ಲಿ "ಹಾ" ಅಂತ ಬರೆಯುತ್ತಾಳೆ. ಈಗ ಹಾಲಿನವನ ಬಗ್ಗೆ ನನ್ನನ್ನು ಕೇಳುವುದು ಕಡಿಮೆ. ಹೋಗಿ ನೋಡಿಕೊಳ್ಳುತ್ತಾಳೆ. ಮೊನ್ನೆ ಒಂದೇ ಚೌಕದಲ್ಲಿ ಮೂರು "ಹಾ" ಇತ್ತು. ಮುಂದಿನ ಸಲ ಬರುವಾಗ ಕ್ಯಾಲೆಂಡರ್ ಹಾಳೆಗಳನ್ನೂ ತನ್ನಿ ಅಂದಿದ್ದಾರೆ ಡಾಕ್ಟರು.